ವಿಕ್ಟೋರಿಯಾ ಕಾಲದ್ದೋ, 1918ರದ್ದೋ, ನಕಲೋ? ಮೂರು ಸಿಗ್ನಲ್ ಪಿಸ್ತೂಲುಗಳ ಹೋಲಿಕೆ

ಇಂಗ್ಲೆಂಡಿನ ಆಂಟಿಕ್ ಸಂತೆಯಲ್ಲಿ ಹಿತ್ತಾಳೆಯ ಸಿಗ್ನಲ್ ಪಿಸ್ತೂಲು ಕಂಡರೆ ಪಕ್ಕದ ಚೀಟಿಯಲ್ಲಿ ಸಾಮಾನ್ಯವಾಗಿ ‘ವಿಕ್ಟೋರಿಯನ್’ ಅಂತ ಇರುತ್ತದೆ. ಸುಮ್ನೆ ನಂಬಬೇಡಿ. ನಾನು ಕೈಯಲ್ಲಿ ಹಿಡಿದು, ತಿರುಗಿಸಿ, ಮಸೂರ ಹಾಕಿ ನೋಡಿದ ಮೂರು ಬಗೆಯ ಬಗ್ಗೆ ಹೇಳುತ್ತೇನೆ.

ಕತ್ತಲಲ್ಲಿ ಹಡಗಿನಿಂದ ಹಡಗಿಗೆ ಸುದ್ದಿ ಮುಟ್ಟಿಸಲು ಆಕಾಶಕ್ಕೆ ಕೆಂಪು, ಹಸಿರು ಬೆಳಕು ಹಾರಿಸುವ ಸಾಧನ ಇದು. ಅಮೆರಿಕದ ನೌಕಾಪಡೆಯ ಎಡ್ವರ್ಡ್ ವೆರಿ 1877ರಲ್ಲಿ ಈ ಪದ್ಧತಿ ರೂಪಿಸಿದರು. ಬ್ರಿಟಿಷರಿಗೂ ಅದು ಹಿಡಿಸಿತು. ಇವತ್ತಿಗೂ ಅಲ್ಲಿ ಇದಕ್ಕೆ ವೆರಿ ಪಿಸ್ತೂಲು ಅಂತಲೇ ಹೆಸರು. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಲೆಕ್ಕ ಹಾಕಿದರೆ ಆ ಕಾಲದ ವೆರಿ ಪಿಸ್ತೂಲು ತಯಾರಾಗಲು ಇದ್ದದ್ದು ಬರೀ ಇಪ್ಪತ್ನಾಲ್ಕು ವರ್ಷ. ಹಾಗಿದ್ದರೆ ಸಂತೆಗೆ ಇಷ್ಟೊಂದು ಬರುವುದು ಎಲ್ಲಿಂದ?

ಉತ್ತರ ಪಿಸ್ತೂಲಿನ ಮೈಮೇಲೇ ಇದೆ. ಬ್ಯಾರೆಲ್ ಮೇಲೆ ‘ವೆಬ್ಲಿ ಅಂಡ್ ಸ್ಕಾಟ್’ ಅಂತ ಕೊರೆದಿದ್ದರೆ ಅದು 1897ಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಆ ವರ್ಷವೇ ಪಿ. ವೆಬ್ಲಿ ಅಂಡ್ ಸನ್ ಕಂಪನಿ ಬೇರೆ ಎರಡು ಕಂಪನಿಗಳ ಜೊತೆ ಸೇರಿ ಆ ಹೆಸರು ಇಟ್ಟುಕೊಂಡದ್ದು. ಇನ್ನೊಂದು ಸುಳಿವು ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ, ಅಂದರೆ ಬಂದೂಕುಗಳನ್ನು ಪರೀಕ್ಷಿಸಿ ಗುರುತು ಒತ್ತುವ ಸಂಸ್ಥೆಯ, ಮೊಹರು. 1813ರಿಂದ 1904ರವರೆಗೆ ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡ, ನಡುನಡುವೆ ಬಿ, ಪಿ, ಸಿ ಅಕ್ಷರ. ಆಮೇಲೆ ರಾಜದಂಡ ಮಾಯ. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಅಂತ ಮಾತ್ರ.

ನಿಜಕ್ಕೂ ಹಳೆಯದನ್ನು ನಾನು ನೋಡಿದ್ದು ಲೈಸೆನ್ಸ್ ಇಟ್ಟುಕೊಂಡಿರುವ ಗೆಳೆಯರೊಬ್ಬರ ಮನೆಯಲ್ಲಿ. ತಯಾರಕರ ಹೆಸರಿಲ್ಲ. ರಾಜದಂಡದ ಗುರುತು ಅರ್ಧ ಸವೆದಿದ್ದರೂ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಕೀಲಿನ ಹತ್ತಿರ ಅಂಚುಗಳು ನುಣುಪಾಗಿವೆ, ಹಿತ್ತಾಳೆ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಹಿಡಿಯ ಮರ ಒಂದು ಕಡೆ ಮಾತ್ರ ಕಪ್ಪಾಗಿದೆ. ಕೈಯಲ್ಲಿ ಹಿಡಿದರೆ ಕೆಳಗಿಡಲು ಮನಸ್ಸಾಗುವುದಿಲ್ಲ, ನಿಜ. ಆದರೆ ಬೆಲೆ ಜಾಸ್ತಿ, ಬಿಡಿಭಾಗ ಸಿಗುವುದಿಲ್ಲ, ಗುರುತು ಸವೆದಷ್ಟೂ ವಾದ ಬೆಳೆಯುತ್ತದೆ.

ನಾನು ಕೊಂಡದ್ದು 1918ರದ್ದು. ಹೊಸದಾಗಿ ಶುರು ಮಾಡುವವರಿಗೂ ಅದನ್ನೇ ಹೇಳುತ್ತೇನೆ. ಒಂದು ಇಂಚಿನ ಬಾಯಿ, ಗಟ್ಟಿ ಹಿತ್ತಾಳೆ, ವರ್ಷ ಸ್ಪಷ್ಟವಾಗಿ ಕೊರೆದಿದೆ. ಊಹೆಗೆ ಜಾಗವೇ ಇಲ್ಲ. ಪಕ್ಕದಲ್ಲಿ ಸರ್ಕಾರಿ ಸ್ವತ್ತಿನ ಬಾಣದ ಗುರುತು ಇರುತ್ತದೆ. ಎರಡು ಬಾಣಗಳ ಮೊನೆ ಎದುರುಬದುರಾಗಿ ತಾಗಿದ್ದರೆ ಸೇನೆಯೇ ಅದನ್ನು ಮಾರಿ ಕೈತೊಳೆದುಕೊಂಡಿದೆ ಅಂತ ಅರ್ಥ. ಇದರಲ್ಲೂ ತಮಾಷೆಯ ಸರಕು ಉಂಟು. ಉಲ್ಸ್‌ಲಿ ಶೀಪ್ ಶಿಯರಿಂಗ್ ಮೆಷಿನ್ ಕಂಪನಿ, ಅಂದರೆ ಕುರಿ ಉಣ್ಣೆ ಕತ್ತರಿಸುವ ಯಂತ್ರದವರು, ಮೊದಲ ಮಹಾಯುದ್ಧದ ಕಾಲದಲ್ಲಿ ಈ ಪಿಸ್ತೂಲು ಮಾಡಿದ್ದಾರೆ. ಮುಂದೆ ಆಸ್ಟಿನ್ ಕಾರು ಮಾಡಿದ ಹರ್ಬರ್ಟ್ ಆಸ್ಟಿನ್ ಮೊದಲು ಇದೇ ಕಂಪನಿಯಲ್ಲಿದ್ದವರು. ಆ ಹೆಸರಿನ ಪಿಸ್ತೂಲು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ನನಗೆ ಬೇಜಾರಿಲ್ಲ.

ನಕಲಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎರಕ ಹೊಯ್ದ ಮೈ ಬೆರಳಿಗೆ ತರಿತರಿ. ಅಕ್ಷರಗಳ ಅಂಚು ಕರಗಿದಂತೆ. ಕೆಲವಕ್ಕೆ ಯಾವುದೋ ಹೆಸರಾಂತ ಹಡಗಿನ ಹೆಸರು ಬೇರೆ! ನಕಲು ಅಂತ ಹೇಳಿ ಮಾರಿದರೆ ಶೋಕೇಸಿಗೆ ಚೆಂದವೇ.

ಬ್ರಾಸ್ಸೋ ಹಾಕಿ ತಿಕ್ಕುವ ಆಸೆ ಬೇಡ. ನಕಲಿಗೆ ನಡೆಯುತ್ತದೆ. ಹಳೆಯದಕ್ಕೆ ಹಾಕಿದರೆ ನೂರು ವರ್ಷದ ಬಣ್ಣದ ಜೊತೆ ಮೊಹರೂ ಸವೆಯುತ್ತದೆ. ಮೆತ್ತನೆ ಬಟ್ಟೆ ಸಾಕು, ಕಬ್ಬಿಣದ ಭಾಗಕ್ಕೆ ಒಂದು ಹನಿ ಎಣ್ಣೆ.

ಕಾನೂನು ಮಾತ್ರ ಮೂರಕ್ಕೂ ಬೇರೆಬೇರೆ. ಬ್ರಿಟನ್ನಿನ 1968ರ ಕಾಯ್ದೆ ಹಳೆಯ ಬಂದೂಕುಗಳನ್ನು ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಳ್ಳಲು ವಿನಾಯಿತಿ ಕೊಡುತ್ತದೆ. ಆದರೆ ಯಾವುದು ಅದಕ್ಕೆ ಸೇರುತ್ತದೆ ಅನ್ನುವುದು ಅದಕ್ಕೆ ಹಾಕುವ ತೋಟಾದ ಮೇಲೂ ನಿಂತಿದೆ. ಹಿಂದಿನಿಂದ ತೋಟಾ ತುಂಬುವ ಸಿಗ್ನಲ್ ಪಿಸ್ತೂಲು ಎಷ್ಟೇ ಹಳೆಯದಿರಲಿ, ಕೊಳ್ಳುವ ಮೊದಲು ಪೊಲೀಸರ ಲೈಸೆನ್ಸ್ ವಿಭಾಗದಲ್ಲಿ ಕೇಳಿ. ನನ್ನದು ನಿಷ್ಕ್ರಿಯಗೊಳಿಸಿದ್ದು, ಪ್ರೂಫ್ ಹೌಸಿನ ಸರ್ಟಿಫಿಕೇಟು ಜೊತೆಗಿದೆ. ಆ ಕಾಗದ ಇಲ್ಲದಿದ್ದರೆ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಊರಿಗೆ ಒಯ್ಯುವ ಯೋಚನೆ ಇದ್ದರೆ ಕಸ್ಟಮ್ಸ್‌ನವರ ನಿಯಮ ಮೊದಲೇ ತಿಳಿದುಕೊಳ್ಳಿ. ಮತ್ತೆ ನಕಲಿ ಪಿಸ್ತೂಲನ್ನೂ ವಿಮಾನದ ಕೈಚೀಲದಲ್ಲಿ ಇಡಬೇಡಿ, ಸೆಕ್ಯೂರಿಟಿಯವರು ಬಿಡುವುದಿಲ್ಲ.