ಲಾರಿ ಪಾರ್ಸೆಲ್‌ನಲ್ಲಿ ಸೈಕಲ್ ಕಳಿಸುವವರೇ, ಎಲ್‌ಆರ್ (ಲಾರಿ ರಸೀದಿ) ಕೈಗೆ ಬಾರದೆ ದುಡ್ಡು ಕೊಡಬೇಡಿ

ಕಾಸರಗೋಡು, ಮಂಗಳೂರು ಕಡೆಯಿಂದ ಲಡಾಖ್‌ಗೆ ಸೈಕಲ್ ಕಳಿಸಲು ಹೊರಟವರು ಇದನ್ನು ಪೂರ್ತಿ ಓದಿ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮದು ಬದಿಯಡ್ಕ. ಮನಾಲಿಯಿಂದ ಲೇಹ್‌ಗೆ ಸೈಕಲ್ ತುಳಿಯಬೇಕೆಂಬುದು ಬಹಳ ಕಾಲದ ಆಸೆ. ಚಳಿಗಾಲದಲ್ಲಿ ಆ ರಸ್ತೆ ಮುಚ್ಚಿರುತ್ತದೆ, ತೆರೆದಿರುವ ಕೆಲವೇ ತಿಂಗಳಲ್ಲಿ ಎಲ್ಲರ ರಜೆಯೂ ಹೊಂದಿಬರಬೇಕು. ಸೈಕಲ್ ಹೊತ್ತಿಗೆ ಸರಿಯಾಗಿ ತಲುಪಲಿ ಎಂದು ಮಂಗಳೂರಿನ ಒಂದು ಪಾರ್ಸೆಲ್ ಆಫೀಸಿಗೆ ಹೋದೆ.

ಅಲ್ಲಿ ಕೂತವನ ಮಾತು ಕೇಳಬೇಕು. "ಎಂತ ಟೆನ್ಷನ್ ಬೇಡ ಸಾರ್. ಮನಾಲಿಯಲ್ಲಿ ನಿಮ್ಮ ಹೋಟೆಲಿನ ಬಾಗಿಲಿಗೇ ಬರ್ತದೆ. ವಾಪಸ್ ಬರುವಾಗ ಲೇಹ್‌ನಲ್ಲಿ ನಮ್ಮವರೇ ಪಿಕಪ್ ಮಾಡ್ತಾರೆ. ಇನ್ಶೂರೆನ್ಸ್ ಕೂಡ ಉಂಟು." ಸೈಕಲಿಗೆ ಅರುವತ್ತು ಸಾವಿರದ ಮೇಲೆ ಬಿದ್ದಿದೆ ಎಂದು ಬಿಲ್ ತೋರಿಸಿದೆ. ತೋರಿಸಿದ್ದೇನೆ, ಅವನು ಕೈಯಲ್ಲಿ ಹಿಡಿದು ನೋಡಿದ್ದಾನೆ.

ಬಾಕ್ಸ್ ತೂಕಕ್ಕಿಟ್ಟರೆ ಇಪ್ಪತ್ತು ಕಿಲೋ ಕೂಡ ಇಲ್ಲ. ಬಿಲ್ ಆದದ್ದು 56 ಕಿಲೋಗೆ. ಉದ್ದ 140, ಎತ್ತರ 80, ಅಗಲ 25 ಸೆಂಟಿಮೀಟರ್, ಗುಣಿಸಿ 5000ದಿಂದ ಭಾಗಿಸಿದರೆ 56. ಗಾತ್ರದ ಲೆಕ್ಕ ಎಲ್ಲ ಕಡೆ ಇರುವುದೇ, ಅದಕ್ಕೆ ತಕರಾರಿಲ್ಲ. ಇನ್ಶೂರೆನ್ಸ್ ಎಂದು ಬೇರೆ ದುಡ್ಡು ತಗೊಂಡ. ಎಲ್‌ಆರ್ ಕೊಡಿ ಎಂದರೆ "ಲೋಡ್ ಆದ ಮೇಲೆ ವಾಟ್ಸಾಪ್ ಮಾಡ್ತೇನೆ ಸಾರ್, ಈಗ ಸಿಸ್ಟಮ್ ಡೌನ್."

ಎಲ್‌ಆರ್ ಬಂದದ್ದು ನಾನು ದೆಹಲಿಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಕೊಂಕಣ ದಾಟಿದ ಮೇಲೆ. ಮಸುಕು ಮಸುಕಾದ ಫೋಟೋ. ದೊಡ್ಡದು ಮಾಡಿ ನೋಡಿದೆ. ಸಾಮಾನು: ಹಳೇ ಮನೆ ಸಾಮಾನು. ಮೌಲ್ಯ: ₹5,000. ಡೆಲಿವರಿ: ದೆಹಲಿ ಗೋಡೌನ್. ಕೆಳಗೆ ಸೀಲು: ಓನರ್ಸ್ ರಿಸ್ಕ್, ಅಂದರೆ ಹಾನಿಯಾದರೆ ಹೊಣೆ ಸಾಮಾನಿನವನದ್ದೇ. ಮನಾಲಿಯ ಹೆಸರೇ ಇಲ್ಲ! ಇನ್ಶೂರೆನ್ಸ್‌ನ ಸುದ್ದಿಯೇ ಇಲ್ಲ! ಕೈಕಾಲು ತಣ್ಣಗಾಯಿತು. ಎದುರಿನ ಸೀಟಿನವರು ಏನಾಯ್ತೆಂದು ಕೇಳಿದರೆ ಹೇಳಲೂ ನಾಚಿಕೆ.

ಫೋನ್ ಮಾಡಿದೆ. "ಐವತ್ತು ಸಾವಿರ ದಾಟಿದ್ರೆ ಇ-ವೇ ಬಿಲ್ ಬೇಕು ಸಾರ್, ಚೆಕ್‌ಪೋಸ್ಟಲ್ಲಿ ಹಿಡೀತಾರೆ. ನಿಮ್ಮ ಒಳ್ಳೇದಕ್ಕೇ ಕಮ್ಮಿ ಬರೆದದ್ದು." ಶುದ್ಧ ಸುಳ್ಳು. ಬಳಸಿದ ಸ್ವಂತ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿ ಕಾಗದ) ಬೇಕಿಲ್ಲ, ಜಿಎಸ್‌ಟಿ ನಿಯಮದಲ್ಲೇ ವಿನಾಯಿತಿ ಉಂಟು. ಮನಾಲಿ ಡೆಲಿವರಿ ಎಲ್ಲಿ ಎಂದರೆ "ದೆಹಲಿಯವರನ್ನು ಕೇಳಿ". ದೆಹಲಿಯವರು "ಬುಕ್ ಮಾಡಿದಲ್ಲಿ ಕೇಳಿ" ಎಂದರು. ಮತ್ತೆ ಮಂಗಳೂರು, ಮತ್ತೆ ದೆಹಲಿ. ಕೊನೆಗೆ ಗೋಡೌನಿಗೆ ನಾನೇ ಹೋದೆ, ಅಲ್ಲಿ "ಹ್ಯಾಂಡ್ಲಿಂಗ್" ಎಂದು ಇನ್ನಷ್ಟು ಕಿತ್ತುಕೊಂಡರು.

ಬಾಕ್ಸಿನ ಒಂದು ಮಗ್ಗುಲು ಹರಿದು ತೂತಾಗಿತ್ತು. ಒಳಗೆ ಡಿರೇಲರ್ (ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ) ತೂಗುವ ಹ್ಯಾಂಗರ್ ಸೊಟ್ಟಗಾಗಿ ಡಿರೇಲರ್ ಹಿಂದಿನ ಚಕ್ರದ ಕಡ್ಡಿಗೆ ತಾಗುತ್ತಿತ್ತು. ಬ್ರೇಕ್ ಡಿಸ್ಕ್ ಬಾಗಿ, ಚಕ್ರ ತಿರುಗಿಸಿದರೆ ಒಂದೇ ಕಡೆ ಬ್ರೇಕ್ ಪ್ಯಾಡಿಗೆ ಉಜ್ಜುತ್ತಿತ್ತು. ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ: "ಪ್ಯಾಕಿಂಗ್ ನಿಮ್ಮದು ಸಾರ್." ಆಮೇಲೆ ಇನ್ನೊಂದು: "ಎಲ್‌ಆರ್‌ನಲ್ಲಿ ಸೈಕಲ್ ಅಂತ ಇಲ್ವಲ್ಲ?" ಸೈಕಲ್ ಎಂದು ಬರೆಯದೆ ಇದ್ದದ್ದು ಯಾರು? ಈ ಪ್ರಶ್ನೆ ನೆನಪಾದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ಸೈಕಲನ್ನು ಹಾಗೇ ಮನಾಲಿಗೆ ಒಯ್ದೆ. ಹ್ಯಾಂಗರ್ ಫ್ರೇಮಿನಿಂದ ಫ್ರೇಮಿಗೆ ಬೇರೆ, ನನ್ನದರದ್ದು ಮನಾಲಿಯಲ್ಲಿ ಸಿಗಲಿಲ್ಲ. ಅಂಗಡಿಯವರು ಪಾಪ ಹೇಗೋ ನೆಟ್ಟಗೆ ಮಾಡಿಕೊಟ್ಟರು. ಅಷ್ಟರಲ್ಲಿ ಗೆಳೆಯರು ಹೊರಟಾಗಿತ್ತು. ಟ್ಯಾಕ್ಸಿ ಮೇಲೆ ಸೈಕಲ್ ಕಟ್ಟಿ ಲೇಹ್ ದಾರಿಯ ಜಿಸ್ಪಾದಲ್ಲಿ ಅವರನ್ನು ಸೇರಿಕೊಂಡೆ. 5,328 ಮೀಟರ್ ಎತ್ತರದ ತಂಗ್ಲಾಂಗ್ ಲಾ ಘಾಟಿ ಹತ್ತುವಾಗ ಹಿಂದಿನ ಚಕ್ರದ ಅತಿ ದೊಡ್ಡ ಹಲ್ಲುಗಾಲಿಗೆ, ಅಂದರೆ ಏರಿಗೆ ಹಗುರಾಗುವ ಗೇರಿಗೆ, ಹಾಕಲು ಧೈರ್ಯವಿಲ್ಲ, ಎಲ್ಲಿ ಡಿರೇಲರ್ ಕಡ್ಡಿಯೊಳಗೆ ಹೋಗುತ್ತದೋ ಎಂದು. ಉಸಿರು ಸಿಗದ ಆ ಎತ್ತರದಲ್ಲಿ ಬಹಳಷ್ಟು ದೂರ ತಳ್ಳಿಕೊಂಡೇ ಹೋದೆ.

ಲೇಹ್‌ನ ಪಿಕಪ್? "ಅಲ್ಲಿ ನಮ್ಮ ಬ್ರಾಂಚ್ ಇಲ್ಲ ಸಾರ್."

ವಾಪಸ್ ಬರುವಾಗ ದೆಹಲಿಯ ನಿಜಾಮುದ್ದೀನ್ ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಟಿಕೆಟ್ ತೋರಿಸಿ, ಲಗೇಜ್ ಎಂದು ಬುಕ್ ಮಾಡಿ, ನಾನು ಬಂದ ಗಾಡಿಯ ಬ್ರೇಕ್‌ವ್ಯಾನಿನಲ್ಲೇ (ಸಾಮಾನು ಹಾಕುವ ಬೋಗಿ) ತಂದೆ. ಕಾಸರಗೋಡಿನಲ್ಲಿ ಗಾಡಿ ನಿಲ್ಲುವ ಸ್ವಲ್ಪ ಹೊತ್ತಿನಲ್ಲಿ ಇಳಿಸುವ ಗಡಿಬಿಡಿ ಬೇಡವೆಂದು ಮಂಗಳೂರು ಜಂಕ್ಷನ್‌ಗೇ ಬುಕ್ ಮಾಡಿದ್ದೆ. ಹೊಸದಾಗಿ ಒಂದು ಗೀರೂ ಬೀಳಲಿಲ್ಲ. ಪಾರ್ಸೆಲ್ ಅಲ್ಲ, ಲಗೇಜ್ ಎಂದೇ ಹೇಳಿ. ಪಾರ್ಸೆಲ್ ಆದರೆ ನಿಮ್ಮ ಗಾಡಿಯಲ್ಲೇ ಬರುತ್ತದೆಂಬ ಭರವಸೆ ಇಲ್ಲ.

ಲಾರಿಯಲ್ಲೇ ಕಳಿಸಬೇಕಾದರೆ ಎಲ್‌ಆರ್ ಕೈಗೆ ಬರುವ ತನಕ ಕೌಂಟರ್ ಬಿಟ್ಟು ಕದಲಬೇಡಿ. ಸೈಕಲ್ ಎಂದು ಬರೆದಿರಬೇಕು, ನಿಜವಾದ ಮೌಲ್ಯ ಇರಬೇಕು, ತಲುಪಬೇಕಾದ ಊರಿನ ಹೆಸರಿರಬೇಕು. ಲಾರಿಯವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ಬರೆಸಿದ ಮೌಲ್ಯ ಮೀರುವಂತಿಲ್ಲ. ಅಂದರೆ ಅವನು ಗೀಚಿದ ಐದು ಸಾವಿರವೇ ಈಗ ನನ್ನ ಕುತ್ತಿಗೆಗೆ ಸುತ್ತಿಕೊಂಡಿದೆ. ಇನ್ಶೂರೆನ್ಸ್ ಎಂದರೆ ಪಾಲಿಸಿ ಕಾಗದ ಕೇಳಿ. ಹಾನಿಯಾದರೆ 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಫೋನಿನಲ್ಲಿ ಜಗಳಾಡುತ್ತಾ ದಿನ ಕಳೆಯಬೇಡಿ, ಅವರಿಗೆ ಬೇಕಾದದ್ದೇ ಅದು.

ನಾನು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದ್ದೇನೆ, 1915 ಗ್ರಾಹಕ ಸಹಾಯವಾಣಿಯಲ್ಲೂ ದೂರು ಕೊಟ್ಟಿದ್ದೇನೆ. ಮಂಗಳೂರಿನಿಂದ ಸೈಕಲ್ ಕಳಿಸಿ "ಹಳೇ ಮನೆ ಸಾಮಾನು" ಎಂದು ಬರೆದ ಎಲ್‌ಆರ್ ಸಿಕ್ಕಿದವರು ಇನ್ನಾರಾದರೂ ಇದ್ದರೆ ಅದರ ಫೋಟೋ ಕಳಿಸಿ. ಗ್ರಾಹಕರ ಆಯೋಗಕ್ಕೆ ಹೋಗುವಾಗ ಜೊತೆಗೆ ಲಗತ್ತಿಸುತ್ತೇನೆ.