ಬೆಂಗಳೂರಲ್ಲಿ ಹಳೇ ಸೆಡಾನ್ ನೋಡ್ತಿದ್ದೀರಾ? ಮೊದಲು ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ

ದಯವಿಟ್ಟು ಪೂರ್ತಿ ಓದಿ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ 2017ರ ಪೆಟ್ರೋಲ್ ಸೆಡಾನ್ ತಗೊಂಡೆ. ಸಿಂಗಲ್ ಓನರ್, 46 ಸಾವಿರ ಕಿಲೋಮೀಟರ್, 6 ಲಕ್ಷದ 20 ಸಾವಿರ. ಅದರಲ್ಲಿ 2 ಲಕ್ಷ ಅಪ್ಪನ ರಿಟೈರ್‌ಮೆಂಟ್ ದುಡ್ಡು. ಓಡಿಸಿ ನೋಡಿದೆ, ಎಂಜಿನ್ ಸದ್ದೇ ಇಲ್ಲ. ಆರ್‌ಸಿ ಸರಿ ಇತ್ತು. ಹೊಸ ಸೀಟ್ ಕವರ್, ಹೊಸ ಮ್ಯಾಟ್, ಸೆಂಟಿನ ವಾಸನೆ ಮೂಗಿಗೆ ಹೊಡೀತಿತ್ತು. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮೂರನೇ ವಾರ ಮನೆಯವರೆಲ್ಲ ಹಾಸನದಿಂದ ಧರ್ಮಸ್ಥಳಕ್ಕೆ ಹೊರಟೆವು. ಸಕಲೇಶಪುರದ ಮುಂದಿನ ದೋಣಿಗಲ್ ದಾಟಿದ ಮೇಲೆ ಬ್ರೇಕಿನ ಎಬಿಎಸ್ ಲೈಟ್, ಏರ್‌ಬ್ಯಾಗ್ ಲೈಟ್ ಒಟ್ಟೊಟ್ಟಿಗೆ ಹತ್ತಿದವು, ಸ್ಟೀರಿಂಗ್ ಕಲ್ಲಾಯ್ತು. ಶಿರಾಡಿ ಘಾಟಿ, ಮಳೆ, ಹಿಂದೆ ಲಾರಿಗಳು. ಹಿಂದಿನ ಸೀಟಲ್ಲಿ ಅಮ್ಮ, ಮಕ್ಕಳು. ಈಗಲೂ ನೆನೆದರೆ ಕೈ ನಡುಗುತ್ತೆ.

ಸಕಲೇಶಪುರದ ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ಡ್ರೈವರ್ ಸೀಟ್ ಬೆಲ್ಟನ್ನು ಬುಡದವರೆಗೂ ಎಳೆದ. ಮೇಲಿನದು ಕಪ್ಪಗೆ ಶುಚಿಯಾಗಿತ್ತು, ಒಳಗೆ ಸುತ್ತಿಕೊಂಡಿದ್ದ ಭಾಗ ಪೂರ್ತಿ ಕೆಸರಿನ ಬಣ್ಣ. ಉಜ್ಜಿದರೆ ಬೆರಳಿಗೆ ಒಣ ಮಣ್ಣು. ಸ್ಟೆಪ್ನಿ ಎತ್ತಿದ, ಅಡಿಯಲ್ಲಿ ಮೆಕ್ಕಲು. ಸೀಟಿನ ಬೋಲ್ಟುಗಳಿಗೆ ತುಕ್ಕು, ಡ್ಯಾಶ್‌ಬೋರ್ಡ್ ಕೆಳಗಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು. "ಸರ್, ಈ ಗಾಡಿ ನೀರಲ್ಲಿ ಮುಳುಗಿತ್ತು" ಅಂದ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಏನೂ ಅನ್ನಲಿಲ್ಲ. ಅವರ ಮುಖ ನೋಡೋಕೆ ನನಗೆ ಆಗಲಿಲ್ಲ.

ಕಂಪನಿ ಸರ್ವೀಸ್ ಸೆಂಟರಿನಲ್ಲಿ ನಂಬರ್ ಕೊಟ್ಟು ಕೇಳಿದೆ. 2022ರ ಸೆಪ್ಟೆಂಬರಿನಲ್ಲಿ ಟೋ ಮಾಡಿ ತಂದಿದ್ದಾರೆ. ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದೆವಲ್ಲ, ಅದೇ ತಿಂಗಳು. ಇನ್ಶೂರೆನ್ಸಿನವರು ಟೋಟಲ್ ಲಾಸ್ ಮಾಡಿದ, ಅಂದರೆ ರಿಪೇರಿ ಮಾಡಿಸಿ ಪ್ರಯೋಜನವಿಲ್ಲ ಅಂತ ಕೈಬಿಟ್ಟ ಗಾಡಿ ಗುಜರಿಗೇ ಹೋಗುತ್ತೆ ಅಂತ ನಂಬಿದ್ದೆ. ಹರಾಜಲ್ಲಿ ಹಿಡಿದು, ತೊಳೆದು, ಮತ್ತೆ ಮಾರುವವರಿದ್ದಾರೆ. ಆರ್‌ಸಿ ಹಳಬರ ಹೆಸರಲ್ಲೇ ಉಳಿದಿತ್ತು, ಅದಕ್ಕೇ "ಸಿಂಗಲ್ ಓನರ್"!

ಡೀಲರ್‌ಗೆ ಫೋನ್ ಮಾಡಿದೆ. ಮೊದಲು, "ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಸಣ್ಣಪುಟ್ಟದ್ದು ಇರುತ್ತೆ ಸರ್." ಕೆಸರಿನ ಫೋಟೊ ಕಳಿಸಿದೆ. "ಅದು ಕಾರ್ ವಾಶ್ ನೀರು ಸರ್." ಕಾರ್ ವಾಶಲ್ಲಿ ಸೀಟ್ ಬೆಲ್ಟಿನ ಒಳಗೆ ಮಣ್ಣು ಹೋಗುತ್ತಾ? ಸರ್ವೀಸ್ ದಾಖಲೆ ಕಳಿಸಿದ ಮೇಲೆ, "ನೀವೇ ನೋಡಿ ಸೈನ್ ಹಾಕಿದ್ದೀರಿ." ಆಮೇಲೆ ಬ್ಲಾಕ್. ನನ್ನ 6 ಲಕ್ಷದ 20 ಸಾವಿರ ಇಟ್ಟುಕೊಂಡು ನನ್ನನ್ನೇ ಬ್ಲಾಕ್!

ಅಡ್ವಾನ್ಸ್ ಕೊಡೋ ಮುಂಚೆ ಬೆಲ್ಟ್ ಎಳೆಯಿರಿ, ಸ್ಟೆಪ್ನಿ ಎತ್ತಿ, ಸರ್ವೀಸ್ ಸೆಂಟರಿಗೆ ನಂಬರ್ ಕೊಟ್ಟು ಕೇಳಿ. ಹಳೇ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ನೋಡಿ. ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಅದು, ಐದು ವರ್ಷ ಮಾಡದಿದ್ದರೆ 50% ಇರುತ್ತೆ. ಇದರಲ್ಲಿ ಸೊನ್ನೆ ಇತ್ತು. ನೋಡಿದ್ದೆ, ಕೇಳಲಿಲ್ಲ. ಇದನ್ನೆಲ್ಲ ನೋಡೋಕೆ ಡೀಲರ್ ಬಿಡದಿದ್ದರೆ ಆ ಗಾಡಿ ಬಿಟ್ಟು ಬನ್ನಿ.

ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಅವನು ಮೊನ್ನೆ ಇನ್ನೊಂದು ಸೆಡಾನ್ ಮಾರಾಟಕ್ಕೆ ಹಾಕಿದ್ದಾನೆ. ಅದೂ ಸಿಂಗಲ್ ಓನರ್ ಅಂತೆ.