ವೃಷಣದ ಸುತ್ತ ನೀರು ತುಂಬಿದೆಯೇ? ಸೂಜಿಯೋ, ಆಪರೇಷನ್ನೋ

ಮಲ್ಪೆಯಲ್ಲಿ ಬಲೆ ಎಳೆಯುವವರು, ಮಂಗಳೂರು ಬಂದರಿನಲ್ಲಿ ಮೂಟೆ ಹೊರುವವರು ನಾಚಿಕೆಯಿಂದ ಈ ಬಾವನ್ನು ಮುಚ್ಚಿಟ್ಟುಕೊಂಡು ವರ್ಷಗಟ್ಟಲೆ ದುಡಿಯುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ.

ಸೂಜಿಯಿಂದ ನೀರು ತೆಗೆಸುವುದು ಕೆಲವೇ ನಿಮಿಷದ ಕೆಲಸ, ಅಂದೇ ಮನೆಗೆ ಬರಬಹುದು. ಆದರೆ ನೀರು ಒಸರುವ ಪೊರೆ ಒಳಗೇ ಉಳಿಯುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ಪದೇ ಪದೇ ಚುಚ್ಚಿದರೆ ಸೋಂಕು, ರಕ್ತಸ್ರಾವದ ಅಪಾಯವೂ ಇದೆ. ಆಪರೇಷನ್ನಿನಲ್ಲಿ ಆ ಪೊರೆಯನ್ನೇ ಕತ್ತರಿಸುತ್ತಾರೆ ಅಥವಾ ಮಗುಚಿ ಹೊಲಿಯುತ್ತಾರೆ. ಇಲ್ಲಿಯೂ ಸೋಂಕು, ರಕ್ತಸ್ರಾವ ಆಗಬಹುದು, ಕೆಲವು ವಾರ ಭಾರ ಎತ್ತುವಂತಿಲ್ಲ. ಮರುಕಳಿಸುವುದು ಮಾತ್ರ ಅಪರೂಪ. ಅರಿವಳಿಕೆ ತಾಳದ ಹಿರಿಯರಿಗೆ ಸೂಜಿ ಸರಿ, ದುಡಿಯುವ ವಯಸ್ಸಿನವರಿಗೆ ನನ್ನ ಮತ ಆಪರೇಷನ್ನಿಗೇ. ಬೋಟಿನವರಿಗಂತೂ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲವೇ ಅನುಕೂಲ.

ಬಾವು ಚಿಕ್ಕದು, ನೋವಿಲ್ಲ ಎಂದಾದರೆ ಕಾಯಲೂಬಹುದು. ಆದರೆ ಮೊದಲು ಸ್ಕ್ಯಾನ್ ಆಗಲಿ, ಹರ್ನಿಯಾ ಅಥವಾ ಗಡ್ಡೆ ಅಲ್ಲವೆಂದು ಖಚಿತವಾಗಲಿ. ಆನೆಕಾಲು ರೋಗದ ಹುಳುವೂ ಕಾರಣವಾಗಿರಬಹುದು, ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಶಿಶುಗಳಲ್ಲಿ ಸಾಮಾನ್ಯವಾಗಿ 1 ವರ್ಷದೊಳಗೆ ತಾನೇ ಇಳಿಯುತ್ತದೆ.

ಹಠಾತ್ತನೆ ತೀವ್ರ ನೋವು ಬಂದರೆ ಈ ಲೆಕ್ಕಾಚಾರವೆಲ್ಲ ಬದಿಗಿರಲಿ. ವೃಷಣ ತಿರುಚಿಕೊಂಡಿರಬಹುದು. ಅದನ್ನು ಉಳಿಸಿಕೊಳ್ಳಲು ಸುಮಾರು 6 ಗಂಟೆ ಮಾತ್ರ ಇರುತ್ತದೆ, ಮಧ್ಯರಾತ್ರಿಯಾದರೂ ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೊರಡಿ.